ಧ್ವನಿಯಂತ್ರಗಳಲ್ಲಿ ಪ್ರತಿನಿಧಿ ನ್ಯಾಯ: ತುಂಗಭದ್ರಾತೀರದ ವಾಲ್ವು ರೇಡಿಯೋಗಳ ಒಂದು ವಿಚಾರ

ವಿಜಯನಗರದ ಮೊದಲನೆಯ ಬುಕ್ಕರಾಯನ ಆಶ್ರಯದಲ್ಲಿ ಮಾಧವಾಚಾರ್ಯರಿಂದ ರಚಿತವಾದ ‘ಜೈಮಿನೀಯ ನ್ಯಾಯಮಾಲಾವಿಸ್ತರ’ವು ಪೂರ್ವಮೀಮಾಂಸೆಯ ಅಧಿಕರಣಗಳನ್ನು ಕ್ರಮವಾಗಿ ಸಂಗ್ರಹಿಸಿ ಹೇಳುವ ಗ್ರಂಥವಾಗಿರುತ್ತದೆ. ಅದರ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿವಿಚಾರವು ಬರುತ್ತದೆ. ವಿಧಿಸಲ್ಪಟ್ಟ ದ್ರವ್ಯವು ದೊರೆಯದೆ ಹೋದಲ್ಲಿ ಕರ್ಮವನ್ನೇ ಬಿಡತಕ್ಕದ್ದೋ, ಅಥವಾ ಅದಕ್ಕೆ ಸದೃಶವಾದ ಬೇರೊಂದು ದ್ರವ್ಯವನ್ನು ತಂದು ಕರ್ಮವನ್ನು ನಡೆಸತಕ್ಕದ್ದೋ ಎಂಬುದು ಅಲ್ಲಿಯ ಸಂಶಯ. ನಿತ್ಯಕರ್ಮವು ಲೋಪವಾಗಕೂಡದು, ಆದುದರಿಂದ ವ್ರೀಹಿಯು ಸಿಕ್ಕದಿದ್ದರೆ ನೀವಾರದಿಂದಾದರೂ ನಡೆಸತಕ್ಕದ್ದೆಂಬುದು ಸಿದ್ಧಾಂತ. ಇದಾದ ಸುಮಾರು ಆರು ನೂರು ವರ್ಷಗಳ ತರುವಾಯ, ಅದೇ ತುಂಗಭದ್ರೆಯ ಸೀಮೆಯ ಹೊಸಪೇಟೆ, ಕಂಪ್ಲಿ, ಸಂಡೂರುಗಳಂತಹ ಊರುಗಳಲ್ಲಿ, ಶಾಸ್ತ್ರದ ಗಂಧವೇ ಇಲ್ಲದ ಮತ್ತೊಂದು ವರ್ಗದ ಜನರ ಮುಂದೆ ಇದೇ ಸಂಶಯವು ಬಂದು ನಿಂತಿತು. ಅವರು ರೇಡಿಯೋ ಮತ್ತು ಧ್ವನಿವರ್ಧಕಗಳನ್ನು ದುರಸ್ತಿ ಮಾಡುವವರು. ಕೆಟ್ಟುಹೋದ ವಾಲ್ವಿಗೆ ಅದರದೇ ಜಾತಿಯ ವಾಲ್ವು ದೊರೆಯದಿದ್ದಾಗ ಅವರು ಮಾಡಿದ ನಿರ್ಣಯಗಳು ಬರಿಯ ಕೈಚಳಕವೆಂದು ತಳ್ಳಿಹಾಕತಕ್ಕವುಗಳಲ್ಲ. ಅವುಗಳಲ್ಲಿ ಒಂದು ನ್ಯಾಯವಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ವಾಲ್ವು ಎಂಬುದು ಗಾಳಿಯನ್ನು ಹೊರತೆಗೆದು ಮುಚ್ಚಿದ ಗಾಜಿನ ಅಥವಾ ಲೋಹದ ಬುರುಡೆ. ಒಳಗೆ ಒಂದು ತಂತುವು ಕಾಯುತ್ತದೆ. ಅದರ ಕಾವಿನಿಂದ ಕ್ಯಾಥೋಡು ವಿದ್ಯುತ್ಕಣಗಳನ್ನು ಹೊರಸೂಸುತ್ತದೆ. ಎದುರಿಗಿರುವ ಪ್ಲೇಟು ಅವುಗಳನ್ನು ಸೆಳೆದುಕೊಳ್ಳುತ್ತದೆ. ಇಷ್ಟನ್ನು ೧೯೦೪ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಎಂಬುವನು ಸಾಧಿಸಿದನು. ೧೯೦೬ರಲ್ಲಿ ಅಮೆರಿಕದ ಡಿ ಫಾರೆಸ್ಟ್ ಎಂಬುವನು ಇವೆರಡರ ನಡುವೆ ಗ್ರಿಡ್ ಎಂಬ ಜಾಲರಿಯನ್ನಿಟ್ಟುದರಿಂದ, ಅಲ್ಪ ಸಂಕೇತವನ್ನು ದೊಡ್ಡದಾಗಿಸುವ ಶಕ್ತಿಯು ಈ ಬುರುಡೆಗೆ ಒದಗಿತು. ಆದರೆ ಕ್ಯಾಥೋಡಿನ ಲೇಪವು ದೀಪದ ಬತ್ತಿಯಂತೆ ಸವೆಯತಕ್ಕದ್ದು. ವೀಣೆಯ ದಂಡಿಯು ತಲೆಮಾರುಗಳವರೆಗೆ ಬಾಳಬಹುದು. ವಾಲ್ವು ಕೆಲವು ಸಾವಿರ ಗಂಟೆಗಳಲ್ಲಿ ಮುಪ್ಪಾಗುತ್ತದೆ. ಆದಕಾರಣವೇ ಅದನ್ನು ಬೆಸುಗೆ ಹಾಕದೆ, ಕಾಲುಗಳನ್ನಿಟ್ಟು, ಸಾಕೆಟ್ಟಿನಿಂದ ಕಿತ್ತು ತೆಗೆಯುವಂತೆ ಮಾಡಿರುತ್ತಾರೆ. ಬದಲಾವಣೆಯು ಈ ಯಂತ್ರಕ್ಕೆ ಹುಟ್ಟಿನಿಂದಲೇ ಬಂದ ಧರ್ಮ.

ಕನ್ನಡನಾಡಿನಲ್ಲಿ ಬಾನುಲಿಯ ಆರಂಭವು ೧೯೩೫ನೆಯ ಇಸವಿ ಸೆಪ್ಟೆಂಬರ್ ೧೦ರಂದು ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ, ೩೦ ವಾಟಿನ ಸಣ್ಣ ಪ್ರೇಷಕಯಂತ್ರದಿಂದ ಆಯಿತು. ತರುವಾಯ ಅವರು ೨೫೦ ವಾಟಿನ ಯಂತ್ರವನ್ನು ಸ್ಥಾಪಿಸಿದರು. ಧಾರವಾಡದ ಕೇಂದ್ರವು ೧೯೫೦ರ ಜನವರಿ ೮ರಂದು ಪ್ರಾರಂಭವಾಯಿತು. ಈ ನಡುವಣ ಹದಿನೈದು ವರ್ಷಗಳಲ್ಲಿ ತುಂಗಭದ್ರಾತೀರದ ಸ್ಥಿತಿಯು ವಿಚಿತ್ರವಾಗಿತ್ತು. ಹೊಸಪೇಟೆ, ಹಂಪೆ, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯ ಮೂಲಕ ಮದರಾಸು ಸರ್ಕಾರಕ್ಕೆ ಸೇರಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿ ೧೯೪೯ರವರೆಗೆ ಬೇರೆಯಾಗಿಯೇ ಇತ್ತು. ಹೊಳೆಯಾಚೆಯ ಆನೆಗೊಂದಿ, ಗಂಗಾವತಿಗಳು ನಿಜಾಮನ ಸೀಮೆಯಲ್ಲಿದ್ದವು. ಒಂದು ದಡದಲ್ಲಿ ನಿಂತವನಿಗೆ ಇನ್ನೊಂದು ದಡವು ಬೇರೊಂದು ರಾಜ್ಯ. ಬಳ್ಳಾರಿ ಜಿಲ್ಲೆಯ ಕನ್ನಡ ಭಾಗವು ಮೈಸೂರನ್ನು ಸೇರಿದುದು ೧೯೫೩ರ ಅಕ್ಟೋಬರ್ ೧ರಂದು. ಬಾನುಲಿಯ ಅಲೆಗಳು ಮಾತ್ರ ಸುಂಕದ ಕಟ್ಟೆಗಳನ್ನು ಲೆಕ್ಕಿಸದೆ ಮೊದಲಿನಿಂದಲೂ ಹೊಳೆಯನ್ನು ದಾಟುತ್ತಲೇ ಇದ್ದವು.

ಹಳ್ಳಿಗಳಿಗೆ ವಿದ್ಯುತ್ತು ಬಂದುದು ಬಹಳ ತಡವಾಗಿ. ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿನ ಕೆಳಗೂ, ಹಂಪೆಯ ಬಳಿಯ ಕಾಲುವೆಯ ಮೇಲೂ ವಿದ್ಯುದಾಗಾರಗಳು ಕಟ್ಟಲ್ಪಟ್ಟ ಮೇಲೆ ತಂತಿಗಳು ಮೆಲ್ಲಮೆಲ್ಲನೆ ಹರಡಿದವು. ಅದಕ್ಕೆ ಮುಂಚೆ ವಿದ್ಯುತ್ತಿಲ್ಲದ ಊರಿನ ರೇಡಿಯೋ ಎಂದರೆ ಬ್ಯಾಟರಿಯ ರೇಡಿಯೋ. ಮೊದಲಿನ ಬ್ರಿಟಿಷ್ ಮಾದರಿಗಳಲ್ಲಿ ತಂತುವು ೨ ವೋಲ್ಟಿನದು; ಅದಕ್ಕೆ ಒಂದು ಸೀಸದ ಕೋಶವು ಬೇಕಾಗಿ, ಅದನ್ನು ಆಗಾಗ್ಗೆ ವಿದ್ಯುತ್ತಿರುವ ಊರಿಗೆ ಹೊತ್ತುಕೊಂಡು ಹೋಗಿ ಚಾರ್ಜು ಮಾಡಿಸಿ ತರಬೇಕಾಗುತ್ತಿತ್ತು. ಮುಂದೆ ೧.೪ ವೋಲ್ಟಿನ ವಾಲ್ವುಗಳು ಬಂದು, ಒಣಬ್ಯಾಟರಿಯೇ ಸಾಕಾಯಿತು. (ಒಣಬ್ಯಾಟರಿಯ ಒಳಗಿನ ಕರಿಯ ಪುಡಿಯಲ್ಲಿರುವುದು ಮ್ಯಾಂಗನೀಸಿನ ಆಕ್ಸೈಡು. ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸು ಹೇರಳವಾಗಿದ್ದರೂ ಅಲ್ಲಿಯ ಅದಿರು ಬಹುಮಟ್ಟಿಗೆ ಉಕ್ಕಿನ ಕೆಲಸಕ್ಕೇ ಹೋಗತಕ್ಕದ್ದಾದುದರಿಂದ, ಊರಿನ ಧಾತುವೇ ಊರಿನ ರೇಡಿಯೋವನ್ನು ನುಡಿಸಿತೆಂದು ಹೇಳುವ ಭಾಗ್ಯವು ಇತಿಹಾಸಕಾರನಿಗೆ ಇಲ್ಲ.)

ಇಲ್ಲಿ ಮೊದಲು ಒಂದು ಭೇದವನ್ನು ತಿಳಿಯತಕ್ಕದ್ದು. ಪರ್ಯಾಯವು ಬೇರೆ, ಪ್ರತಿನಿಧಿಯು ಬೇರೆ. ‘ವಹ್ನಿ’ ‘ಅನಲ’ ಎಂಬ ಎರಡು ಶಬ್ದಗಳಿಂದ ಒಂದೇ ವಸ್ತುವು ಬೋಧವಾಗುವಂತೆ, ಅಮೆರಿಕದವರು ೧ಆರ್೫, ೧ಟಿ೪, ೧ಎಸ್೫, ೩ಎಸ್೪ ಎಂದು ಕರೆದ ವಾಲ್ವುಗಳನ್ನೇ ಯುರೋಪಿನವರು ಡಿಕೆ೯೧, ಡಿಎಫ್೯೧, ಡಿಎಎಫ್೯೧, ಡಿಎಲ್೯೨ ಎಂದು ಕರೆದರು. ೬ಬಿಕ್ಯು೫ ಎಂದರೂ ಇಎಲ್೮೪ ಎಂದರೂ ಒಂದೇ. ೧೨ಎಎಕ್ಸ್೭ ಎಂದರೂ ಇಸಿಸಿ೮೩ ಎಂದರೂ ಒಂದೇ. ಎರಡನೆಯ ಮಹಾಯುದ್ಧವು ಈ ಗೊಂದಲಕ್ಕೆ ಮೂರನೆಯ ಒಂದು ನಾಮಾವಳಿಯನ್ನು ಸೇರಿಸಿತು. ಅಮೆರಿಕದ ಸೈನ್ಯವು ೬ಎಸ್‌ಎನ್೭ ವಾಲ್ವಿಗೆ ವಿಟಿ-೨೩೧ ಎಂದೂ, ೬ವಿ೬ಕ್ಕೆ ವಿಟಿ-೧೦೭ ಎಂದೂ ಗುರುತು ಹಾಕಿತು. ಬ್ರಿಟಿಷರು ಸಿವಿ ಎಂಬ ಅಕ್ಷರಗಳ ಮುಂದೆ ತಮ್ಮದೇ ಅಂಕಿಗಳನ್ನು ಹಾಕಿದರು. ಯುದ್ಧಕಾಲದಲ್ಲಿ ಆಮದು ನಿಂತಿತು. ಯುದ್ಧವು ಮುಗಿದ ಮೇಲೆ ಸೈನ್ಯದ ಉಳಿಕೆ ಸಾಮಾನು ಪೇಟೆಗೆ ಬಂದಿತು. ಆ ರಾಶಿಯಲ್ಲಿ ತನಗೆ ಬೇಕಾದ ವಾಲ್ವೇ ಬೇರೆ ಹೆಸರಿನಿಂದ ಬಿದ್ದಿದೆಯೆಂದು ಗುರುತಿಸಬಲ್ಲವನೇ ಆ ಕಾಲದ ಪಂಡಿತ. ಅವನಿಗೆ ನಿಘಂಟು ಬೇಕಾಗಿತ್ತು; ಸಮಾನ ವಾಲ್ವುಗಳ ಪಟ್ಟಿಯೇ ಅವನ ಅಮರಕೋಶ.

ಹೆಸರಿನಲ್ಲಿಯೇ ಅರ್ಥವನ್ನು ಅಡಗಿಸಿಡುವ ಯುರೋಪಿನ ಪದ್ಧತಿಯು ಕಟಪಯಾದಿ ಸಂಖ್ಯೆಯನ್ನು ಬಲ್ಲವರಿಗೆ ಹೊಸದೆನಿಸಲಾರದು. ಮೊದಲನೆಯ ಅಕ್ಷರವು ತಂತುವಿನ ಆಹಾರವನ್ನು ಹೇಳುತ್ತದೆ: ‘ಇ’ ಎಂದರೆ ೬.೩ ವೋಲ್ಟು, ‘ಡಿ’ ಎಂದರೆ ೧.೪ ವೋಲ್ಟು, ‘ಯು’ ಎಂದರೆ ೧೦೦ ಮಿಲಿ ಆಂಪೇರು. ಮುಂದಿನ ಅಕ್ಷರಗಳು ಒಳಗಿನ ರಚನೆಯನ್ನು ಹೇಳುತ್ತವೆ: ‘ಸಿ’ ಮೂರು ಧ್ರುವಗಳದು, ‘ಎಫ್’ ಐದು ಧ್ರುವಗಳದು, ‘ಎಲ್’ ಶಬ್ದವನ್ನು ಹೊರಗೆ ಕೊಡತಕ್ಕ ಬಲಶಾಲಿ. ಹೀಗೆ ಇಸಿಎಲ್೮೨ ಎಂಬ ನಾಮವನ್ನು ಬಿಡಿಸಿದರೆ, ೬.೩ ವೋಲ್ಟಿನ ಒಂದೇ ಬುರುಡೆಯಲ್ಲಿ ಒಂದು ತ್ರಿಧ್ರುವವೂ ಒಂದು ಬಲವರ್ಧಕವೂ ಇವೆಯೆಂದು ತಾನಾಗಿಯೇ ಹೊರಡುತ್ತದೆ. ಅಮೆರಿಕದ ಪದ್ಧತಿಯಲ್ಲಿ ಮೊದಲ ಅಂಕಿಯು ವೋಲ್ಟನ್ನು ಸೂಚಿಸುತ್ತದೆಯೇ ಹೊರತು ಉಳಿದ ಅಕ್ಷರಗಳಿಂದ ಹೆಚ್ಚೇನೂ ತಿಳಿಯದು. ಅವನ್ನು ರೂಢಿಶಬ್ದಗಳಂತೆ ಬಾಯಿಪಾಠ ಮಾಡತಕ್ಕದ್ದೇ.

ಇನ್ನು ನಿಜವಾದ ಪ್ರತಿನಿಧಿಯ ವಿಚಾರ. ಇದರಲ್ಲಿ ಅತ್ಯಂತ ಸುಲಭವಾದುದು ಪೀಠವೊಂದೇ ಬೇರೆಯಾಗಿರುವ ಪ್ರಸಂಗ. ಹಳೆಯ ಅಮೆರಿಕನ್ ರೇಡಿಯೋಗಳಲ್ಲಿ ೮೦ ಎಂಬ ನಾಲ್ಕು ಕಾಲಿನ ವಾಲ್ವು ವಿದ್ಯುತ್ತನ್ನು ಏಕಮುಖ ಮಾಡುತ್ತಿತ್ತು. ೪೨ ಎಂಬ ಆರು ಕಾಲಿನದು ಶಬ್ದವನ್ನು ಕೊಡುತ್ತಿತ್ತು. ೧೯೩೫ರಲ್ಲಿ ಎಂಟು ಕಾಲಿನ ಪೀಠವು ಬಂದ ಮೇಲೆ ಇವೇ ೫ವೈ೩ ಮತ್ತು ೬ಎಫ್೬ ಎಂಬ ಹೆಸರಿನಿಂದ ಪುನರ್ಜನ್ಮ ಪಡೆದವು. ಆತ್ಮ ಅದೇ, ದೇಹ ಮಾತ್ರ ಬೇರೆ. ದುರಸ್ತಿಗಾರನು ಸತ್ತ ವಾಲ್ವಿನ ಬುರುಡೆಯನ್ನು ಒಡೆದು, ಅದರ ಪೀಠದೊಳಗಿನ ಅಂಟನ್ನು ಕೆರೆದು ತೆಗೆದು, ಕಾಲುಗಳಿಗೆ ತಂತಿಗಳನ್ನು ಬೆಸೆದು, ಮೇಲೆ ಎಂಟು ಕಾಲಿನ ಸಾಕೆಟ್ಟನ್ನು ಕೂರಿಸುತ್ತಿದ್ದನು. ಹೀಗಾದರೆ ರೇಡಿಯೋವಿನ ಚಾಸಿಗೆ ಉಳಿ ತಾಗುವುದಿಲ್ಲ. ಮೂಲ ವಾಲ್ವು ದೊರೆತ ದಿನ ಅದನ್ನೇ ಮತ್ತೆ ಚುಚ್ಚಬಹುದು. ಮುಖ್ಯದ್ರವ್ಯವು ದೊರೆತರೆ ಮುಖ್ಯವನ್ನೇ ಗ್ರಹಿಸತಕ್ಕದ್ದೆಂಬ ಅಧಿಕರಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಪಾಠಶಾಲೆಯಲ್ಲಿಯೂ ಕೊಡುವುದು ಕಷ್ಟ.

ಕಠಿನವಾದುದು ಸರಣಿತಂತುಗಳ ಪ್ರಸಂಗ. ಟ್ರಾನ್ಸ್‌ಫಾರ್ಮರಿನ ಖರ್ಚನ್ನು ಉಳಿಸುವುದಕ್ಕಾಗಿ, ಎಲ್ಲಾ ವಾಲ್ವುಗಳ ತಂತುಗಳನ್ನೂ ಮಾಲೆಯಂತೆ ಒಂದರ ಹಿಂದೊಂದು ಪೋಣಿಸಿ ನೇರವಾಗಿ ಬೀದಿಯ ವಿದ್ಯುತ್ತಿಗೆ ಕೊಡುವ ರೇಡಿಯೋಗಳಿದ್ದವು. ಯುಸಿಎಚ್೪೨, ಯುಎಫ್೪೧, ಯುಬಿಸಿ೪೧, ಯುಎಲ್೪೧, ಯುವೈ೪೧ ಎಂಬ ಐದು ವಾಲ್ವುಗಳ ಮಾಲೆಯನ್ನು ತೆಗೆದುಕೊಂಡರೆ, ಅವುಗಳ ತಂತುಗಳಿಗೆ ಕ್ರಮವಾಗಿ ೧೪, ೧೨.೬, ೧೪, ೪೫, ೩೧ ವೋಲ್ಟುಗಳು ಬೇಕು, ಒಟ್ಟು ೧೧೬.೬. ಬೀದಿಯ ೨೩೦ ವೋಲ್ಟಿನಲ್ಲಿ ಉಳಿದ ೧೧೩.೪ನ್ನು ಸುಮಾರು ೧೧೩೪ ಓಮಿನ ರೆಸಿಸ್ಟರು ನುಂಗಿಕೊಳ್ಳಬೇಕು. ಈ ಮಾಲೆಯಲ್ಲಿ ಎಲ್ಲದರ ಮೂಲಕವೂ ಹರಿಯುವುದು ಒಂದೇ ಪ್ರವಾಹ, ೦.೧ ಆಂಪೇರು. ಅಮೆರಿಕದ ಇಂತಹದೇ ಮಾಲೆಯಲ್ಲಿಯಾದರೋ ಪ್ರವಾಹವು ೦.೧೫ ಆಂಪೇರು. ಈಗ ಅಮೆರಿಕದ ರೇಡಿಯೋದಲ್ಲಿ ೫೦ಎಲ್೬ ಎಂಬುದು ಸತ್ತು, ಪೇಟೆಯಲ್ಲಿ ಯುಎಲ್೪೧ ಮಾತ್ರ ಸಿಕ್ಕಿತೆನ್ನಿ. ಹಾಗೆಯೇ ಹಾಕಿದರೆ ಅದರ ತಂತುವಿಗೆ ಒಂದೂವರೆ ಪಾಲು ಪ್ರವಾಹವು ನುಗ್ಗಿ ಅದು ಸುಟ್ಟುಹೋಗುತ್ತದೆ. ಹೆಚ್ಚಾದ ೦.೦೫ ಆಂಪೇರನ್ನು ಪಕ್ಕದ ದಾರಿಯಿಂದ ಸಾಗಿಸಬೇಕು. ೪೫ ವೋಲ್ಟನ್ನು ೦.೦೫ರಿಂದ ಭಾಗಿಸಿದರೆ ೯೦೦ ಓಮು. ಆ ರೆಸಿಸ್ಟರನ್ನು ತಂತುವಿಗೆ ಸಮಾನಾಂತರವಾಗಿ ಬೆಸೆಯಬೇಕು. ಅದು ಎರಡೂಕಾಲು ವಾಟಿನಷ್ಟು ಕಾಯುವುದರಿಂದ ಚಿಕ್ಕ ರೆಸಿಸ್ಟರು ಸಾಲದು. ಸಾಕೆಟ್ಟನ್ನೂ ಬದಲಿಸಬೇಕು; ಕ್ಯಾಥೋಡಿನ ರೆಸಿಸ್ಟರನ್ನೂ ಹೊಸ ವಾಲ್ವಿಗೆ ತಕ್ಕಂತೆ ಮಾಡಬೇಕು. ಈ ಗಣಿತವನ್ನು ಮಾಡಬಲ್ಲವನ ಕೆಲಸವು ಬಾಳಿತು. ಕಣ್ಣಳತೆಯಿಂದ ಮಾಡಿದವನ ಕೆಲಸವು ಹೊಗೆಯಾಯಿತು.

ಇಂತಹ ರೇಡಿಯೋಗಳಲ್ಲಿ ಮತ್ತೊಂದು ಭಯವೂ ಉಂಟು. ಟ್ರಾನ್ಸ್‌ಫಾರ್ಮರು ಇಲ್ಲದುದರಿಂದ ಲೋಹದ ಚಾಸಿಯೇ ಬೀದಿಯ ವಿದ್ಯುತ್ತಿನ ಒಂದು ತಂತಿಗೆ ಸೇರಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ ಚಾಸಿಯನ್ನು ಮುಟ್ಟಿದವನ ಪ್ರಾಣಕ್ಕೆ ಸಂಚಕಾರ. ಹಳೆಯ ರೇಡಿಯೋಗಳನ್ನು ಇಂದು ಕುತೂಹಲದಿಂದ ಬಿಚ್ಚುವ ತರುಣರು ಈ ಮಾತನ್ನು ಮೊದಲು ತಿಳಿದಿರತಕ್ಕದ್ದು.

ಸಾದೃಶ್ಯವಿದ್ದ ಮಾತ್ರಕ್ಕೆ ಎಲ್ಲವೂ ಪ್ರತಿನಿಧಿಯಾಗಲಾರದು. ಹೆಸರುಬೇಳೆಗೆ ಉದ್ದು ಎಷ್ಟೇ ಸದೃಶವಾಗಿದ್ದರೂ, ಉದ್ದು ಯಜ್ಞಕ್ಕೆ ನಿಷಿದ್ಧವಾದುದರಿಂದ ಅದನ್ನು ಹೆಸರಿನ ಸ್ಥಾನದಲ್ಲಿ ಇಡಕೂಡದೆಂದು ಮೀಮಾಂಸಕರು ಹೇಳುತ್ತಾರೆ. ವಾಲ್ವುಗಳಲ್ಲಿ ಇಂತಹ ಉದ್ದಿನ ಕಾಳುಗಳು ಬಹಳ. ೬ವಿ೬ ಮತ್ತು ೬ಎಲ್೬ ಎರಡಕ್ಕೂ ಎಂಟೇ ಕಾಲು, ಕಾಲುಗಳ ಕ್ರಮವೂ ಒಂದೇ, ವೋಲ್ಟೂ ಒಂದೇ. ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಲು ಮಗುವಿಗೂ ಬರುತ್ತದೆ. ಆದರೆ ೬ವಿ೬ರ ತಂತುವು ೦.೪೫ ಆಂಪೇರನ್ನು ಎಳೆದರೆ ೬ಎಲ್೬ರದು ೦.೯ ಆಂಪೇರನ್ನು ಎಳೆಯುತ್ತದೆ. ಜಾತ್ರೆಯ ಧ್ವನಿವರ್ಧಕದಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂಗಲೆಂದು ಎರಡು ೬ವಿ೬ಗಳ ಜಾಗದಲ್ಲಿ ಎರಡು ೬ಎಲ್೬ಗಳನ್ನು ಹಾಕಿದರೆ, ಟ್ರಾನ್ಸ್‌ಫಾರ್ಮರಿನ ಹೊರೆಯು ೦.೯ರಿಂದ ೧.೮ ಆಂಪೇರಿಗೆ ಏರಿ, ತೇರು ಬೀದಿಯ ಮಧ್ಯಕ್ಕೆ ಬರುವ ಹೊತ್ತಿಗೆ ಅರಗಿನ ವಾಸನೆಯು ಹೊರಡುತ್ತದೆ. ತಿರುಗಿ ೬ಎಲ್೬ ಇರತಕ್ಕಲ್ಲಿ ೬ವಿ೬ನ್ನು ಹಾಕಿದರೆ, ೧೨ ವಾಟನ್ನಷ್ಟೇ ತಾಳಬಲ್ಲ ಅದರ ಪ್ಲೇಟು ಕೆಂಪಾಗಿ ಕಾದು ಸಾಯುತ್ತದೆ. ೧೨ಎಎಕ್ಸ್೭ರ ಸ್ಥಾನದಲ್ಲಿ ೧೨ಎಯು೭ನ್ನು ಹಾಕಿದರೆ ಅನಾಹುತವೇನೂ ಆಗದು. ಆದರೆ ನೂರು ಪಟ್ಟು ವರ್ಧಿಸಬಲ್ಲುದರ ಜಾಗಕ್ಕೆ ಇಪ್ಪತ್ತು ಪಟ್ಟಿನೊಳಗಣದು ಬಂದು ಕೂತುದರಿಂದ ಹಾಡುವವನ ದನಿಯು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ.

ಪ್ರತಿನಿಧಿಗೆ ಪ್ರತಿನಿಧಿಯಿಲ್ಲ ಎಂಬುದು ಮತ್ತೊಂದು ನ್ಯಾಯ. ಸೋಮಲತೆಯು ಸಿಕ್ಕದಿದ್ದರೆ ಪೂತಿಕವನ್ನು ಹಿಂಡಬಹುದೆಂದು ಶ್ರುತಿಯಲ್ಲಿದೆ. ಪೂತಿಕವೂ ಸಿಕ್ಕದಿದ್ದರೆ ಹುಡುಕತಕ್ಕದ್ದು ಸೋಮಕ್ಕೆ ಸದೃಶವಾದುದನ್ನೇ ಹೊರತು ಪೂತಿಕಕ್ಕೆ ಸದೃಶವಾದುದನ್ನಲ್ಲ. ದುರಸ್ತಿಯ ಅಂಗಡಿಗಳಲ್ಲಿ ಈ ನ್ಯಾಯವು ಮುರಿದು ಹೋದುದರಿಂದಲೇ ಎಷ್ಟೋ ಯಂತ್ರಗಳು ಕೆಟ್ಟವು. ೬ವಿ೬ ಸಿಕ್ಕದೆ ಒಬ್ಬನು ೬ಎಫ್೬ನ್ನು ಹಾಕಿ, ಅದಕ್ಕೆ ತಕ್ಕಂತೆ ಕ್ಯಾಥೋಡಿನ ರೆಸಿಸ್ಟರನ್ನು ಬದಲಿಸುತ್ತಾನೆ. ಕೆಲವು ವರ್ಷಗಳ ಮೇಲೆ ಇನ್ನೊಬ್ಬನು ೬ಎಫ್೬ನ್ನೇ ಮೂಲವೆಂದು ಭ್ರಮಿಸಿ, ಪಟ್ಟಿಯಲ್ಲಿ ಅದರ ಹತ್ತಿರದ ೬ಕೆ೬ನ್ನು ಹುಡುಕಿ ಹಾಕುತ್ತಾನೆ. ೨೫೦ ವೋಲ್ಟಿನಲ್ಲಿ ಗ್ರಿಡ್ಡಿಗೆ ಬೇಕಾದ ಋಣವೋಲ್ಟು ಮೊದಲನೆಯದಕ್ಕೆ ೧೨.೫, ಎರಡನೆಯದಕ್ಕೆ ೧೬.೫, ಮೂರನೆಯದಕ್ಕೆ ೧೮. ಒಂದೊಂದು ಹೆಜ್ಜೆಯೂ ಚಿಕ್ಕದು. ಆದರೆ ಮೂರನೆಯವನು ಬರುವ ಹೊತ್ತಿಗೆ ಯಂತ್ರವು ತನ್ನ ನಿರ್ಮಾತೃವಿನ ಅಭಿಪ್ರಾಯದಿಂದ ಬಹುದೂರ ಹೋಗಿರುತ್ತದೆ.

ಸ್ವದೇಶದಲ್ಲಿ ವಾಲ್ವುಗಳ ತಯಾರಿಕೆಯು ಈ ಕಷ್ಟವನ್ನು ಬಹುಮಟ್ಟಿಗೆ ಕಡಿಮೆ ಮಾಡಿತು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೧ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ‘ಬಿಇಎಲ್’ ಎಂಬ ಮುದ್ರೆಯುಳ್ಳ ಆ ವಾಲ್ವುಗಳನ್ನು ಇಂದು ಬೇರೆ ದೇಶಗಳ ಧ್ವನಿಪ್ರಿಯರೂ ಹುಡುಕಿ ಕೊಳ್ಳುತ್ತಾರೆ. ಆದರೆ ಅದೇ ಸಂಸ್ಥೆಯು ಮರುವರ್ಷವೇ, ಎಂದರೆ ೧೯೬೨ರಲ್ಲಿ, ಜರ್ಮೇನಿಯಂ ಅರೆವಾಹಕಗಳನ್ನೂ ಮಾಡತೊಡಗಿತೆಂಬುದು ಗಮನಾರ್ಹ. ತಾಯಿಯ ಮಡಿಲಲ್ಲಿಯೇ ದಾಯಾದಿಯೂ ಹುಟ್ಟಿದಂತಾಯಿತು. ಟ್ರಾನ್ಸಿಸ್ಟರು ರೇಡಿಯೋ ಬಂದು ವಾಲ್ವನ್ನು ಮನೆಗಳಿಂದ ಹೊರಡಿಸಿತು. ಹೊರಡದೆ ಉಳಿದ ವಾಲ್ವು ರೇಡಿಯೋಗಳೊಳಕ್ಕೂ ಅರೆವಾಹಕವು ಪ್ರತಿನಿಧಿಯಾಗಿ ನುಗ್ಗಿತು. ಯುವೈ೪೧ ಸತ್ತಲ್ಲಿ ಬಿವೈ೧೨೭ ಎಂಬ ಬೆರಳ ಗೆಣ್ಣಿಗಿಂತ ಚಿಕ್ಕದಾದ ಡಯೋಡನ್ನು ಬೆಸೆದು, ಮಾಲೆಯಲ್ಲಿ ತಪ್ಪಿಹೋದ ೩೧ ವೋಲ್ಟಿಗಾಗಿ ೩೧೦ ಓಮಿನ ರೆಸಿಸ್ಟರನ್ನು ಹಾಕಿದರೆ ರೇಡಿಯೋ ಮಾತಾಡುತ್ತದೆ. ಆದರೆ ವಾಲ್ವು ಮೆಲ್ಲನೆ ಕಾದು ಮೆಲ್ಲನೆ ವಿದ್ಯುತ್ತನ್ನು ಕೊಡುತ್ತಿತ್ತು. ಡಯೋಡು ಗುಂಡಿಯನ್ನೊತ್ತಿದ ಕ್ಷಣದಲ್ಲಿಯೇ, ಉಳಿದ ವಾಲ್ವುಗಳು ಕಾಯುವುದಕ್ಕೆ ಮುಂಚೆಯೇ, ಪೂರ್ಣ ವೋಲ್ಟನ್ನು ಸುರಿಯುತ್ತದೆ. ಇದರ ರಭಸವನ್ನು ತಗ್ಗಿಸಲು ಇನ್ನೊಂದು ರೆಸಿಸ್ಟರು ಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ವಾಲ್ವಿನ ನಾದದ ಮಾಧುರ್ಯಕ್ಕಾಗಿಯೇ ಇಂದು ಹಳೆಯ ಯಂತ್ರಗಳನ್ನು ಜನರು ಆದರಿಸುತ್ತಿರುವಾಗ, ಈ ಎಲ್ಲಾ ಬದಲಾವಣೆಗಳೂ ವಿಕಾರಗಳೇ ಅಲ್ಲವೇ ಎಂದು. ಇದಕ್ಕೆ ಮೀಮಾಂಸೆಯಲ್ಲಿಯೇ ಉತ್ತರವಿದೆ. ನಿತ್ಯಕರ್ಮವನ್ನು ಶಕ್ತ್ಯನುಸಾರವಾಗಿ, ಅಂಗಲೋಪವಿದ್ದರೂ ಮಾಡಬಹುದು. ಕಾಮ್ಯಕರ್ಮಕ್ಕಾದರೋ ಸರ್ವಾಂಗಗಳೂ ಪೂರ್ಣವಾಗಿರಬೇಕು. ೧೯೬೨ರ ಯುದ್ಧದ ವಾರ್ತೆಯನ್ನೋ, ಮಳೆಯ ಸುದ್ದಿಯನ್ನೋ, ಧಾರವಾಡದ ಸಂಗೀತವನ್ನೋ ಕೇಳಲು ಕಾದಿದ್ದ ಮನೆಗೆ ರೇಡಿಯೋ ನಿತ್ಯಕರ್ಮ. ಅಲ್ಲಿ ನೀವಾರವೇ ಸಾಕು. ನಾದವಿಶೇಷವೆಂಬ ಫಲವನ್ನು ಬಯಸಿ ವಾಲ್ವು ಯಂತ್ರವನ್ನು ಹೂಡುವವನದು ಕಾಮ್ಯಕರ್ಮ. ಅವನಿಗೆ ವ್ರೀಹಿಯೇ ಬೇಕು. ಒಬ್ಬನ ಅಳತೆಗೋಲಿನಿಂದ ಇನ್ನೊಬ್ಬನನ್ನು ಅಳೆಯುವುದು ಅನ್ಯಾಯ. ಮೇಲಾಗಿ ಇಂದಿನ ಪೇಟೆಯಲ್ಲಿ ವ್ರೀಹಿ ಯಾವುದೆಂಬುದೇ ಸಂದಿಗ್ಧವಾಗಿದೆ. ರಷ್ಯ, ಸ್ಲೊವಾಕಿಯ, ಚೀನಗಳಲ್ಲಿ ಈಚಿನ ದಶಕಗಳಲ್ಲಿ ತಯಾರಾದ ವಾಲ್ವುಗಳ ಮೇಲೆ ಹಳೆಯ ಹೆಸರುಗಳೇ ಇವೆ. ರಷ್ಯದ ೬ಪಿ೩ಎಸ್ ಜಾತಿಯ ವಾಲ್ವು ೬ಎಲ್೬ರ ವಂಶದ ನಾಮಗಳಿಂದ ಮಾರಾಟವಾದುದುಂಟು. ಹಿಂದೆ ವಸ್ತು ಒಂದಾಗಿ ಹೆಸರು ಹಲವಾಗಿದ್ದವು. ಈಗ ಹೆಸರು ಒಂದಾಗಿ ವಸ್ತುಗಳು ಹಲವಾಗಿವೆ. ಮೊದಲನೆಯದಕ್ಕೆ ಅಮರಕೋಶದ ಪರ್ಯಾಯವರ್ಗವು ಸಾಕಾಗಿತ್ತು. ಎರಡನೆಯದಕ್ಕೆ ನಾನಾರ್ಥವರ್ಗವು ಬೇಕು.

ಈ ವಿಚಾರವು ಬರಿಯ ವಿನೋದವಲ್ಲವೆಂಬುದಕ್ಕೆ ಕಾರಣವಿದೆ. ಹಳೆಯ ರೇಡಿಯೋಗಳೂ ಧ್ವನಿವರ್ಧಕಗಳೂ ಈಗ ಗುಜರಿಯಿಂದ ಎದ್ದು ಸಂಗ್ರಹಾಲಯಗಳನ್ನು ಸೇರುತ್ತಿವೆ. ಅವುಗಳನ್ನು ‘ಜೀರ್ಣೋದ್ಧಾರ’ ಮಾಡುವವರು ಮೊದಲು ಮಾಡುವ ಕೆಲಸವೆಂದರೆ, ನಡುವೆ ಬಂದ ಡಯೋಡು, ಪೀಠಪರಿವರ್ತಕ, ಹೆಚ್ಚಿನ ರೆಸಿಸ್ಟರು ಇವೆಲ್ಲವನ್ನೂ ಕಿತ್ತು ಬಿಸುಟು, ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪವನ್ನು ತರುವುದು. ಮುಖ್ಯವು ದೊರೆತರೆ ಮುಖ್ಯವನ್ನೇ ಗ್ರಹಿಸತಕ್ಕದ್ದೆಂಬ ನ್ಯಾಯವು ತಮ್ಮ ಪಕ್ಷದಲ್ಲಿದೆಯೆಂದು ಅವರು ಹೇಳಬಹುದು. ಆದರೆ ಆ ನ್ಯಾಯವು ಇನ್ನು ಮುಂದೆ ಆಗಬೇಕಾದ ಕರ್ಮಕ್ಕೆ ಅನ್ವಯಿಸತಕ್ಕದ್ದು. ಪ್ರತಿನಿಧಿಯಿಂದ ನಡೆದು ಮುಗಿದುಹೋದ ಕರ್ಮವನ್ನು, ಆಮೇಲೆ ಮುಖ್ಯವು ದೊರೆಯಿತೆಂಬ ಕಾರಣದಿಂದ, ನಡೆಯಲೇ ಇಲ್ಲವೆಂದು ಯಾವ ಮೀಮಾಂಸಕನೂ ಹೇಳಿಲ್ಲ. ಸಂಗ್ರಹಾಲಯಕ್ಕೆ ಬಂದ ರೇಡಿಯೋದ ಕರ್ಮವು ಮುಗಿದಿದೆ. ಅದರೊಳಗಿನ ೯೦೦ ಓಮಿನ ರೆಸಿಸ್ಟರು ಒಂದು ಶಾಸನ. ಅಮೆರಿಕದ ವಾಲ್ವು ಆ ದಿನ ಆ ಊರಿನಲ್ಲಿ ಸಿಕ್ಕಲಿಲ್ಲ, ಯುರೋಪಿನದು ಸಿಕ್ಕಿತು, ಮತ್ತು ಓಮ್‌ನ ಸೂತ್ರವನ್ನು ಬಲ್ಲವನೊಬ್ಬನು ಅಲ್ಲಿದ್ದನು ಎಂಬ ಮೂರು ಸಂಗತಿಗಳನ್ನು ಅದು ಹೇಳುತ್ತದೆ. ಅದನ್ನು ಕಿತ್ತರೆ ಶಿಲಾಶಾಸನದ ಅಕ್ಷರಗಳನ್ನು ಉಜ್ಜಿ ನುಣುಪು ಮಾಡಿದಂತೆಯೇ ಸರಿ.

ಹಂಪೆಯನ್ನು ನೋಡಿದವರಿಗೆ ಈ ಮಾತು ಬೇಗನೆ ಅರ್ಥವಾಗಬಹುದು. ಒಡೆದ ತೊಲೆಗಳ ಕೆಳಗೆ ಇಟ್ಟಿಗೆ ಗಾರೆಗಳ ಆಸರೆಕಂಬಗಳನ್ನು ಅಲ್ಲಿ ಹಿಂದೆ ನಿಲ್ಲಿಸಿದ್ದುಂಟು. ನೋಡಲು ಅವು ಅಂದವಲ್ಲ. ಆದರೆ ವಿಜಯನಗರದ ಶಿಲ್ಪಿಯ ಕೆಲಸವೆಂದು ಅವುಗಳನ್ನು ಭ್ರಮಿಸುವವರು ಯಾರೂ ಇಲ್ಲ. ಪ್ರತಿನಿಧಿಯು ಪ್ರತಿನಿಧಿಯೆಂದೇ ಕಾಣುವಂತಿದ್ದರೆ ಇತಿಹಾಸಕ್ಕೆ ಹಾನಿಯಿಲ್ಲ. ಸ್ವರಸ್ತಂಭವೊಂದು ಮುರಿದರೆ ಅದೇ ನಾದವನ್ನು ಕೊಡುವ ಹೊಸ ಕಲ್ಲನ್ನು ಗುರುತಿಲ್ಲದೆ ನಿಲ್ಲಿಸುವುದು ಇದಕ್ಕಿಂತ ಹೆಚ್ಚಿನ ಅಪರಾಧವಾದೀತು.

ಸತ್ರಯಾಗದಲ್ಲಿ ಹದಿನೇಳು ಯಜಮಾನರಲ್ಲಿ ಒಬ್ಬನು ಮಡಿದರೆ ಸಂಖ್ಯೆಯನ್ನು ತುಂಬಲು ಇನ್ನೊಬ್ಬನನ್ನು ತರುತ್ತಾರೆ. ಅವನು ಯಜಮಾನನ ವ್ರತನಿಯಮಗಳನ್ನೆಲ್ಲ ಹೊರಬೇಕು. ಫಲದಲ್ಲಿ ಮಾತ್ರ ಅವನಿಗೆ ಭಾಗವಿಲ್ಲ. ಸಣ್ಣ ಊರುಗಳ ದುರಸ್ತಿಗಾರರ ಸ್ಥಿತಿಯೂ ಹೀಗೆಯೇ ಆಯಿತು. ರೇಡಿಯೋವಿನ ಮೇಲೆ ಕಂಪನಿಯ ಹೆಸರಿದೆ, ವಾಲ್ವಿನ ಮೇಲೆ ಕಾರ್ಖಾನೆಯ ಹೆಸರಿದೆ. ಅದನ್ನು ಇಪ್ಪತ್ತು ಮೂವತ್ತು ವರ್ಷಗಳ ಕಾಲ ನುಡಿಸಿದವನ ಹೆಸರು ಎಲ್ಲಿಯೂ ಇಲ್ಲ. ೨೦೨೧ರಲ್ಲಿ ಹೊಸಪೇಟೆಯು ವಿಜಯನಗರ ಜಿಲ್ಲೆಯ ಮುಖ್ಯಸ್ಥಳವಾಯಿತು. ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಈ ಎರಡು ಜಿಲ್ಲೆಗಳ ಮನೆಗಳ ಅಟ್ಟಗಳಿಂದ ಹಳೆಯ ಯಂತ್ರವೊಂದು ಕೆಳಗಿಳಿದಾಗ, ವಿದ್ಯುತ್ತನ್ನು ಕೊಡುವುದಕ್ಕೆ ಮುಂಚೆ ಚಾಸಿಯನ್ನು ಮಗುಚಿಹಾಕಿ, ಯಾವ ಸಾಕೆಟ್ಟಿನಲ್ಲಿ ಯಾವ ವಾಲ್ವು ಇದೆ, ಯಾವ ಬೆಸುಗೆಯು ಕಾರ್ಖಾನೆಯದು, ಯಾವುದು ಆಮೇಲಿನದು, ಹೊಸ ರೆಸಿಸ್ಟರಿನ ಓಮು ಎಷ್ಟು, ವಾಲ್ವಿನ ಮೇಲಿನ ಮುದ್ರೆಯು ವಿಟಿಯೋ ಸಿವಿಯೋ ಬಿಇಎಲೋ ಎಂಬುದನ್ನು ಕ್ರಮವಾಗಿ ಬರೆದುಕೊಳ್ಳತಕ್ಕದ್ದು. ಅದನ್ನು ದುರಸ್ತಿ ಮಾಡಿಸಿದವರು ಮನೆಯಲ್ಲಿ ಇನ್ನೂ ಇದ್ದರೆ, ಯಾವ ಊರಿನ ಯಾವ ಅಂಗಡಿಯಲ್ಲಿ ಎಂದು ಕೇಳಿ ಅದನ್ನೂ ಜತೆಗೆ ಸೇರಿಸತಕ್ಕದ್ದು.